ಮಡುವಿನಲ್ಲಿ ಸಿಗುತ್ತಿದ್ದ ಕಂಪನಿ

ಹಂಪಿಯ ಹೊಳೆಯಲ್ಲಿ ಹರಿಗೋಲು ಹಾಕುವ ಎರ್ರೆಪ್ಪನ ಮೊಬೈಲು ಮನೆಯಲ್ಲಿ ಎಂದೂ ಮಾತಾಡಿದ್ದಿಲ್ಲ. ಸುತ್ತ ಬಂಡೆಗಳು, ಸಿಗ್ನಲ್ ಅವನ್ನು ದಾಟಿ ಬರುತ್ತಿರಲಿಲ್ಲ. ಹೊಳೆಯ ನಡುವಿನ ಮಡುವಿನಲ್ಲಿ ಮಾತ್ರ ಬಂಡೆಗಳ ಸಾಲು ಸರಿದು, ದೂರದ ಒಂದು ಟವರು ಕಾಣುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಅವನು ಅಲ್ಲಿಗೆ ಹೋಗಿ ಹುಟ್ಟು ಎತ್ತಿಡುತ್ತಿದ್ದ. ಹರಿಗೋಲು ತನ್ನಷ್ಟಕ್ಕೆ ಮೆಲ್ಲಗೆ ಸುತ್ತುತ್ತಿರುವಾಗ ಯಶವಂತನಗರದಿಂದ ಮಗಳು ಅನುಸೂಯಾಳ ಫೋನು. ಅಲ್ಲಿ ಅದಿರು ಪರೀಕ್ಷಿಸುವ ಕೆಲಸ ಅವಳದು. ಬೆಳಗಿನ ಪಾಳಿ, ಬೇಗ ಮಲಗಬೇಕು. ರಸ್ತೆಯಲ್ಲಿ ಲಾರಿಗಳ ಗದ್ದಲ. ಅಪ್ಪನ ಮಾತಿನ ಹಿಂದೆ ನೀರಿನ ಸದ್ದು ಕೇಳಿದರಷ್ಟೇ ಅವಳಿಗೆ ನಿದ್ದೆ.

ಸರಕಾರಿ ಫೋನೊಂದೇ ಇದ್ದ ಕಾಲದಲ್ಲಿ ಸಾಹುಕಾರರೂ ಫೋನಿನ ತಂತಿಗಾಗಿ ವರ್ಷಗಟ್ಟಲೆ ಕಾದಿದ್ದರು. ಖಾಸಗಿಯವರಿಗೆ ಬಾಗಿಲು ತೆರೆದ ಮೇಲೆ ಕಂಪನಿಗಳು ಸಂತೆಗೆ ಬಂದಂತೆ ಬಂದವು, ಮಾತು ಅಗ್ಗವಾಯಿತು. ಆಮೇಲೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗಿತು. ಎರ್ರೆಪ್ಪನದು ಸಣ್ಣ ಮೀನು.

"ಮಾವ, ನಿನ್ ಕಂಪನಿ ಬಾಗಲಾ ಹಾಕ್ತೈತಿ," ಎಂದ ಕಮಲಾಪುರದಲ್ಲಿ ಛತ್ರಿಯ ಕೆಳಗೆ ಸಿಮ್ ಮಾರುವ ಮಾರೇಶ್. "ಬ್ಯಾರೆ ಕಂಪನಿಗೆ ಹಾಕ್ಕೊಡ್ತೀನಿ. ನಂಬರ್ ಅದಾ ಇರ್ತೈತಿ."

"ಮಡುವಿನಾಗ ಸಿಗ್ತೈತೇನಲೇ?"

"ಮಡು ಯಾಕ? ಮಾತಾಡಾಕ ಹೊಕ್ಕೀಯೋ, ಮೀನ ಹಿಡಿಯಾಕೋ? ನಿಮ್ಮ ಗುಡ್ಡದ ಹಿಂದ ಹೊಸಾ ಟವರ್ ಎದ್ದೈತಿ. ಮನಿಯಾಗ ಕುಂತು ಮಾತಾಡು, ಮಸ್ತ್ ಬರ್ತೈತಿ."

ಎರ್ರೆಪ್ಪ ನಂಬಲಿಲ್ಲ, ಆದರೂ ಸಿಮ್ ಬದಲಿಸಿಕೊಂಡ. ಅವನ ಮಟ್ಟಿಗೆ ಮಾತು ಮಡುವಿನದು, ಕಂಪನಿಯದಲ್ಲ. ಹೊಸ ಸಿಮ್ ಶುರುವಾದ ಸಂಜೆ ಅಲ್ಲಿಗೇ ಹೋದ. ಫೋನಿನ ಸಿಗ್ನಲ್ ಗೆರೆಗಳು ಒಂದೊಂದಾಗಿ ಆರಿದವು. ಹರಿಗೋಲನ್ನು ಬಲಕ್ಕೆ ಸುತ್ತಿಸಿದ, ಎಡಕ್ಕೆ ಸುತ್ತಿಸಿದ. ಆಕಾಶದ ಕೆಂಪು ನೀರಿನಲ್ಲಿ ಅವನೊಡನೆ ಸುತ್ತಿತು, ಫೋನು ಮೂಕ. ಹೊಸ ಟವರಿಗೆ ಅವನ ಮನೆ ಕಾಣುತ್ತಿತ್ತು, ಹೊಳೆ ಬಂಡೆಗಳ ಮರೆಯಲ್ಲಿತ್ತು. ಕಂಪನಿಯ ಲೆಕ್ಕದಲ್ಲಿ ಅದು ಸರಿಯೇ. ಮಡುವಿನಲ್ಲಿ ಯಾರು ಮನೆ ಕಟ್ಟಿದ್ದಾರೆ?

ಹೊಸ್ತಿಲು ದಾಟುವಾಗ ಫೋನು ತಾನಾಗಿ ಕೂಗಿತು.

"ಅಪ್ಪಾ, ಭಾಳ ಚೊಲೋ ಕೇಳ್ತೈತಿ," ಎಂದಳು ಅನುಸೂಯಾ. ಆಮೇಲೆ ಕೇಳಿದಳು, "ನೀರೆಲ್ಲಿ?"

"ನೀರೇನು ಕಂಪನಿದೇನವ್ವ, ಬಾಗಲಾ ಹಾಕಾಕ? ಐತಿ, ತಡಿ."

ಫೋನು ಕಿವಿಗಿಟ್ಟುಕೊಂಡೇ ಅವನು ಹೊಳೆಯ ಕಡೆ ಇಳಿಯತೊಡಗಿದ.

"ಬಂತಾ?"

"ಇಲ್ಲ."

ಹುಣಸೆಮರ ದಾಟಿದ. "ಈಗ?"

"ಸಣ್ಣಕ ಬಂತು."

ಇನ್ನೂ ಇಳಿದ. "ಅಪ್ಪಾ, ನೀ ಕಡದ್ ಕಡದ್ ಬರಾಕತ್ತಿ!"

ಒಂದು ಹೆಜ್ಜೆ ಹಿಂದೆ ಸರಿದ. ಅಲ್ಲಿ ಒಂದೇ ಗೆರೆ ಉಳಿದಿತ್ತು. ಅದರಲ್ಲಿ ಅವನೂ ಹೊಳೆಯೂ ಹಿಡಿಸಿದರು. ಕಾಲಿನಿಂದಲೇ ಒಂದು ಚಪ್ಪಟೆ ಕಲ್ಲು ಸರಿಸಿಕೊಂಡು ಕುಳಿತ. ಬೆಳೆಯ ಸುದ್ದಿ, ಹರಿಗೋಲಿಗೆ ಹಚ್ಚಬೇಕಾದ ಡಾಂಬರಿನ ಸುದ್ದಿ ಹೇಳುತ್ತ ಹೋದ. ಆ ಕಡೆಯ "ಹ್ಞೂಂ" ದೂರವಾಗುತ್ತ, ನಿದ್ದೆಯ ಉಸಿರಷ್ಟೇ ಉಳಿಯಿತು. ಆಮೇಲೆ ಅವನು ಫೋನನ್ನು ಹೊಳೆಯ ಕಡೆಗೆ ತಿರುಗಿಸಿ ಹಿಡಿದ.