ಮೇಲಿನ ಮನೆಯ ಕಿನ್ನರಿ

ಹೋದ ವಾರ ಮೊಮ್ಮಗಳ ಲಂಗದ ಅಂಚು ಬಿಚ್ಚಿಕೊಂಡಿತ್ತು. ಹೊಲಿದುಕೊಡೋಣವೆಂದು ಕೆಂಪು ದಾರದ ತುದಿಯನ್ನು ನಾಲಿಗೆಯ ಮೇಲಿಟ್ಟು ತೇವ ಮಾಡಿದೆ. ಅಷ್ಟೇ ಸಾಕಾಯಿತು. ಆ ನೂಲಿನ ಸಪ್ಪೆ ರುಚಿ, ಅದರ ಹಿಂದೆ ಬಣ್ಣದ ಒಂದಿಷ್ಟು ಕಹಿ... ಐವತ್ತು ವರ್ಷದ ಹಿಂದೆ ಇದೇ ರುಚಿಯನ್ನು ಬಾಯಲ್ಲಿಟ್ಟುಕೊಂಡು ಒಬ್ಬಳ ಬೆನ್ನ ಹಿಂದೆ ಮಂಡಿಯೂರಿ ಕೂತಿದ್ದೆ. ಸೂಜಿ ಕೆಳಗಿಟ್ಟೆ. ಮೊಮ್ಮಗಳು "ವಾಸ್ ಇಸ್ಟ್ ಲೋಸ್, ಅಜ್ಜಿ?" ಎಂದು ಜರ್ಮನ್‌ನಲ್ಲೇ ಏನಾಯಿತೆಂದು ಕೇಳಿದಳು. ಏನಿಲ್ಲ ಎಂದೆ. ಏನಿಲ್ಲ ಅನ್ನುವುದು ನನಗೆ ಚೆನ್ನಾಗಿ ರೂಢಿಯಾಗಿದೆ.

ನಾವು ಜರ್ಮನಿಯ ಫೊಯರ್‌ಬಾಕ್‌ಗೆ ಬಂದದ್ದು ಅರವತ್ತೆಂಟರಲ್ಲಿ. ನಮ್ಮವರು ಡಾಕ್ಟರು, ನಾನು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ನಾಲ್ಕು ವರ್ಷ ಕಳೆದ ಮೇಲೆ ನಮ್ಮ ಮೇಲಿನ ಮನೆಗೆ ಒಬ್ಬ ಜರ್ಮನ್ ಎಂಜಿನಿಯರ್ ಬಂದ, ಕಾಂಬೋಡಿಯದಲ್ಲಿ ಕೆಲಸಕ್ಕಿದ್ದಾಗ ಮದುವೆಯಾದ ಹೆಂಡತಿಯ ಜೊತೆ. ಮೆಟ್ಟಿಲು ಒರೆಸುವ ಸರದಿ ಯಾರದೋ ಅವರ ಬಾಗಿಲಿಗೆ ತೂಗುಹಾಕುವ ಕೇರ್‌ವೋಖೆಯ ಹಲಗೆ, ಅವರ ಬಾಗಿಲಿಗೆ ಬಂದ ವಾರವೇ ಅವಳನ್ನು ನಾನು ಸರಿಯಾಗಿ ನೋಡಿದ್ದು. ಬಗ್ಗಿ ಮೆಟ್ಟಿಲು ಒರೆಸುತ್ತಿದ್ದಳು, ಆದರೆ ಬೆನ್ನು ಒಂದು ಚೂರೂ ಗೂನಾಗಿರಲಿಲ್ಲ. ಒದ್ದೆ ಬಟ್ಟೆ ಹಿಂಡುವಾಗ ಬೆರಳುಗಳು ಹಿಂದಕ್ಕೆ ಮಣಿದು ಮುಂಗೈಯನ್ನೇ ಮುಟ್ಟುವಂತಿದ್ದವು. ನನ್ನ ಹರಕು ಜರ್ಮನ್‌ನಲ್ಲಿ "ನೃತ್ಯ ಕಲಿತಿದ್ದೀರಾ?" ಎಂದು ಕೇಳಿಯೇಬಿಟ್ಟೆ. ಅವಳು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎರಡೂ ಕೈ ಜೋಡಿಸಿದಳು.

ಆರನೇ ವಯಸ್ಸಿಗೆ ಅರಮನೆಯ ನೃತ್ಯಶಾಲೆ ಸೇರಿದವಳು. ಅವರ ಕುಣಿತದಲ್ಲಿ ಗರುಡ, ನಾಗ, ಯಕ್ಷ ಎಲ್ಲ ಬರುತ್ತಾರೆ. ಚಿಕ್ಕವರಿರುವಾಗಲೇ ಮೈಕಟ್ಟು ನೋಡಿ ಗುರುಗಳು ಯಾರಿಗೆ ಯಾವ ಪಾತ್ರವೆಂದು ಆರಿಸುತ್ತಾರೆ. ಇವಳಿಗೆ ಬಂದದ್ದು ಕಿನ್ನರಿ, ಸೊಂಟದ ಮೇಲೆ ಹೆಣ್ಣು, ಕೆಳಗೆ ಹಕ್ಕಿ. ಭಾನುವಾರ ಮಧ್ಯಾಹ್ನ ಸೋಫಾ ಗೋಡೆಗೆ ಒತ್ತರಿಸಿ ನನಗಾಗಿ ತೋರಿಸುತ್ತಿದ್ದಳು. ನಾನೂ ಮೈಸೂರಿನಲ್ಲಿ ಏಳು ವರ್ಷ ಭರತನಾಟ್ಯ ಕಲಿತವಳು, ಆದರೆ ನಮ್ಮದರಲ್ಲಿ ಕಾಲು ನೆಲವನ್ನು ಬಡಿಯುತ್ತದೆ. ಅವಳ ಕಾಲು ನೆಲಕ್ಕೇ ಗೊತ್ತಾಗದಂತೆ ಇಳಿಯುತ್ತಿತ್ತು. ಒಂದು ಪಾದವನ್ನು ಹಿಂದಕ್ಕೆ ಎತ್ತಿ, ಅಂಗಾಲು ಆಕಾಶ ನೋಡುವಂತೆ ಹಿಡಿದು, ಮಂಡಿ ನಡುಗದೆ ನಿಲ್ಲುವಳು. ನನ್ನನ್ನು "ಬೊಂಗ್" ಎನ್ನುತ್ತಿದ್ದಳು. ಅವರ ಮಾತಿನಲ್ಲಿ ಅಕ್ಕ ಎಂದರ್ಥ.

ಅವಳಿಗೆ ಮೊದಲ ಗಂಡನಿಂದ ಒಬ್ಬ ಮಗಳಿದ್ದಳು. ಆತ ತೀರಿಕೊಂಡಿದ್ದ. ಇವಳು ಜರ್ಮನಿಗೆ ಹೊರಡುವ ಹೊತ್ತಿಗೆ ಮಗಳಿಗೆ ಆರು ತುಂಬಿತ್ತು, ಗುರುಗಳು ಅವಳನ್ನೂ ಶಾಲೆಗೆ ಆರಿಸಿದ್ದರು. ಇವಳಿಗೆ ಕಲಿಸಿದ್ದ ಅದೇ ಹೆಂಗಸು. ಅಲ್ಲಿ ರಾಜನ ಆಳ್ವಿಕೆ ಹೋಗಿದ್ದರೂ ಅರಮನೆಯ ಪಾಠ ನಿಂತಿರಲಿಲ್ಲ. ಎರಡು ಮೂರು ವರ್ಷ ಅಡಿಪಾಯ ಗಟ್ಟಿಯಾಗಲಿ, ಆಮೇಲೆ ಕರೆಸಿಕೊಳ್ಳೋಣ ಎಂದು ಮಗುವನ್ನು ಗುರುವಿನ ಮನೆಯಲ್ಲೇ ಬಿಟ್ಟು ಬಂದಿದ್ದಳು. ಬಿಟ್ಟು ಬಂದೆ ಎಂದು ಅವಳು ಎಂದೂ ಹೇಳುತ್ತಿರಲಿಲ್ಲ. ಒಪ್ಪಿಸಿ ಬಂದೆ ಎನ್ನುತ್ತಿದ್ದಳು.

ಎಪ್ಪತ್ತೈದರ ಜನವರಿಯಲ್ಲಿ ವಿದೇಶಿಯರ ಕಚೇರಿಯಾದ ಆಸ್‌ಲೆಂಡರ್‌ಆಮ್ಟ್‌ನಿಂದ ಮಗುವನ್ನು ಕರೆಸಿಕೊಳ್ಳುವ ಕಾಗದಪತ್ರ ಕೈಗೆ ಬಂತು. ಮೊಹರು ಬಿದ್ದಿತ್ತು, ಚಿಕ್ಕ ಕೋಣೆಗೆ ಎಂಜಿನಿಯರ್ ಹಳದಿ ಬಣ್ಣ ಬಳಿದಿದ್ದ. ಅದೇ ವಾರ ಮಗಳ ಕಾಗದವೂ ಬಂತು. ಅವಳನ್ನು ಕಿನ್ನರಿಯಾಗಿ ಆರಿಸಿದ್ದಾರಂತೆ. ಏಪ್ರಿಲ್‌ನಲ್ಲಿ ಅವರ ಹೊಸವರ್ಷ ಮುಗಿದ ಮೇಲಿನ ಗುರುವಾರ ಗುರುಪೂಜೆ. ಅಂದು ಗುರು ಅವಳಿಗೆ ಪಾತ್ರವನ್ನು ಒಪ್ಪಿಸುತ್ತಾರೆ. ಅದಾಗದೆ ಶಾಲೆ ಬಿಟ್ಟವರು ಎಷ್ಟು ಕಲಿತಿದ್ದರೂ ಗುರುವಿಲ್ಲದವರು.

ಆ ದಿನಗಳಲ್ಲಿ ರೇಡಿಯೋ ಹಾಕಿದರೆ ಅವಳ ಊರಿನದೇ ಸುದ್ದಿ. ನಾಮ್‌ಪೆನ್ ಸುತ್ತ ಬಂಡುಕೋರರ ಮುತ್ತಿಗೆ ಬಿಗಿಯಾಗುತ್ತಿತ್ತು. ಎಂಜಿನಿಯರ್ ಮಗುವನ್ನು ಈಗಲೇ ಕರೆಸೋಣ ಎಂದ. "ಬೇಕಿದ್ದರೆ ಗುರುವಿಗೇ ಒಂದು ಕಾಗದ ಬರೆದು ಕೇಳು. ಕಳಿಸುತ್ತೀರಾ ಅಂತ. ಅದರಲ್ಲೇನಿದೆ?" ಎಂದನಂತೆ. ಅವಳು ಆ ಮಾತು ಹೊತ್ತುಕೊಂಡು ಕೆಳಗಿಳಿದು ನನ್ನ ಅಡುಗೆಮನೆಗೆ ಬಂದಳು. ನಮಗಿಬ್ಬರಿಗೂ ನಗು ಬಂದಿತ್ತು, ನಾಚಿಕೆಯಾಗುತ್ತದೆ ಹೇಳಲು. ಗುರುವನ್ನು ಹಾಗೆಲ್ಲ ಕೇಳುತ್ತಾರೆಯೇ? ಪಾಪ, ಅವನಿಗೇನು ಗೊತ್ತು!

ನಗು ನಿಂತ ಮೇಲೆ ಅವಳು ನನ್ನ ಮುಖ ನೋಡಿದಳು. "ನೀನು ಹೇಳು ಬೊಂಗ್. ಏನು ಮಾಡಲಿ?"

ನನ್ನದೂ ಒಂದು ಹಳೆಯ ಗಾಯವಿತ್ತು. ರಂಗಪ್ರವೇಶಕ್ಕೆ ತಿಂಗಳಿರುವಾಗ ನನಗೆ ಮದುವೆ ಗೊತ್ತಾಯಿತು. ಪಾಠ ಅಲ್ಲಿಗೇ ಬಿಟ್ಟೆ. ನಮ್ಮ ಮೇಷ್ಟ್ರು ಆಮೇಲೆ ದಾರಿಯಲ್ಲಿ ಸಿಕ್ಕರೂ ಮಾತಾಡಲಿಲ್ಲ. ಆ ಸಂಕಟವನ್ನೆಲ್ಲ ಅವಳ ಮಗಳ ತಲೆಗೆ ಕಟ್ಟಿದೆ. "ಗುರುವಿನ ಮನಸ್ಸು ನೋಯಿಸಿ ಕರೆಸಬೇಡ. ಮೂರು ತಿಂಗಳಲ್ಲವೇ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಳೆಯುತ್ತದೆ" ಎಂದೆ. ಅವಳು ತಲೆಯಾಡಿಸಿದಳು. ಆ ರಾತ್ರಿ ಊಟಕ್ಕೆ ಕೂತಾಗ ನಮ್ಮವರು ತಟ್ಟೆಯಿಂದ ಕೈ ತೆಗೆದು, "ಅಲ್ಲಿ ಯುದ್ಧ ನಡೀತಾ ಇದೆ ಕಣೇ. ಮೊದಲು ಮಗೂನ ಕರೆಸ್ಕೊಳ್ಳಿ, ಪೂಜೆ ಗೀಜೆ ಆಮೇಲೆ ನೋಡ್ಕೊಳ್ಳಿ ಅನ್ನು" ಎಂದರು.

"ನಿಮಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರಿ" ಎಂದು ಅವರ ಬಾಯಿ ಮುಚ್ಚಿಸಿದೆ.

ಮಾರ್ಚಿನ ಹೊತ್ತಿಗೆ ಅಲ್ಲಿನ ವಿಮಾನ ನಿಲ್ದಾಣದ ಮೇಲೆ ರಾಕೆಟ್ಟುಗಳು ಬೀಳುತ್ತಿದ್ದವು. ಇನ್ನು ಕರೆಸುತ್ತೇವೆಂದರೂ ದಾರಿ ಇರಲಿಲ್ಲ. ಎಂಜಿನಿಯರ್ ದಿನಾ ಆಫೀಸಿನಿಂದ ಯಾರಿಗೋ ಫೋನು ಮಾಡುತ್ತಿದ್ದ; ಮೆಟ್ಟಿಲಲ್ಲಿ ಸಿಕ್ಕರೆ ನನಗೆ ನಮಸ್ಕಾರ ಹೇಳುವುದನ್ನು ಬಿಟ್ಟಿದ್ದ. ನಾವಿಬ್ಬರು ಹೆಂಗಸರು ಮಾತ್ರ ಆ ಗುರುವಾರವನ್ನೇ ಗಟ್ಟಿಯಾಗಿ ಹಿಡಿದು ಕೂತೆವು. ಅದೊಂದು ಕಳೆದರೆ ಎಲ್ಲ ಸರಿಹೋಗುತ್ತದೆ ಎನ್ನುವಂತೆ. 

ಆ ಗುರುವಾರ ನಾನು ರಜೆ ಹಾಕಿದೆ. ಮಗಳು ಅಲ್ಲಿ ಕಿನ್ನರಿಯಾಗುವ ದಿನ ತಾನಿಲ್ಲಿ ಕುಣಿಯುತ್ತೇನೆಂದು ಅವಳು ಪಟ್ಟು ಹಿಡಿದಿದ್ದಳು. ಅವರ ವೇಷಕ್ಕೆ ಗುಂಡಿ ಇಲ್ಲ, ಹುಕ್ ಇಲ್ಲ. ಮೈಮೇಲೆ ಹಾಕಿಯೇ ಹೊಲಿಯುತ್ತಾರೆ, ಚರ್ಮಕ್ಕೆ ಅಂಟಿದ ಹಾಗೆ. ಕುಣಿದು ಮುಗಿದ ಮೇಲೆ ದಾರ ಕತ್ತರಿಸಿ ಬಿಡಿಸುತ್ತಾರೆ. ಹೊಲಿಸಿಕೊಂಡವಳು ಅಲ್ಲಿಯವರೆಗೆ ಕೂರುವಂತಿಲ್ಲ, ನೀರು ಕುಡಿಯುವಂತಿಲ್ಲ. ಕಿಟಕಿಯ ಹತ್ತಿರ ಬಾಳೆಹಣ್ಣು, ಮೇಣದಬತ್ತಿ, ಊದುಬತ್ತಿ ಇಟ್ಟಿದ್ದಳು. ನಾನು ಬೆನ್ನಿನ ಕಡೆ ಕುಪ್ಪಸ ಹೊಲಿಯುತ್ತಿದ್ದೆ. ಚಮಕಿಯ ನಡುವೆ ಸೂಜಿ ತೂರಿಸುವುದು ಸುಲಭವಲ್ಲ. ಅವಳು ಉಸಿರೆಳೆದಾಗಲೆಲ್ಲ ನನ್ನ ಕೈ ತಡೆಯುತ್ತಿತ್ತು.

ಹತ್ತು ಗಂಟೆ ಇರಬಹುದು. ಕೆಳಗೆ ಬೀದಿಬಾಗಿಲು ದಡಾರನೆ ಬಡಿಯಿತು. ಮೆಟ್ಟಿಲ ಮೇಲೆ ಎರಡೆರಡು ಹೆಜ್ಜೆಯ ಸದ್ದು. ಎಂಜಿನಿಯರ್ ಬೂಟು ಬಿಚ್ಚದೆ ನೇರವಾಗಿ ನಡುಮನೆಗೆ ಬಂದ. ಆ ಮನೆಯಲ್ಲಿ ಅವನು ಹಾಗೆ ಎಂದೂ ಮಾಡಿದವನಲ್ಲ. ಅವನ ಬೂಟು ನೋಡಿಯೇ ನನಗೆ ಗೊತ್ತಾಯಿತು. ಅವಳ ಊರು ಬಂಡುಕೋರರ ಕೈಗೆ ಬಿದ್ದಿತ್ತು. ಬೆಳಗಿನ ಸುದ್ದಿಯಲ್ಲಿ ಹೇಳಿದ್ದರು, ನಾವು ರೇಡಿಯೋ ಹಾಕಿರಲಿಲ್ಲ.

ನಾನು ಕತ್ತರಿ ಎತ್ತಿಕೊಂಡೆ. ಹೊಲಿದದ್ದನ್ನು ಬಿಡಿಸಲೆಂದು ಮೊದಲ ಗಂಟಿಗೆ ಅದರ ಬಾಯಿ ಇಟ್ಟೆ. ಅವಳು ತಿರುಗಲಿಲ್ಲ.

"ಕತ್ತರಿಸಬೇಡ ಬೊಂಗ್. ಹೊಲಿ."

ಹೊಲಿದೆ. ಇನ್ನೂ ಒಂದು ಗೇಣು ಉಳಿದಿತ್ತು. ಎಂಜಿನಿಯರ್ ರೇಡಿಯೋ ಹಾಕಿ ಅದರ ಪಕ್ಕ ಕುಸಿದು ಕೂತ. ಸುದ್ದಿ ಓದುವವನ ದನಿ ನಡೆಯುತ್ತಲೇ ಇತ್ತು, ಅದರ ಮೇಲೆಯೇ ಅವಳು ಕುಣಿದಳು. ಹಿನ್ನೆಲೆಗೆ ಸಂಗೀತವಿಲ್ಲ. ಕಿನ್ನರಿ ಕೊಳಕ್ಕಿಳಿಯುವುದು, ರೆಕ್ಕೆ ತೊಳೆಯುವುದು, ಕತ್ತು ಓರೆ ಮಾಡಿ ದೂರದ ಸದ್ದು ಕೇಳುವುದು... ಒಂದೂ ಬಿಡಲಿಲ್ಲ. ಮುಖದಲ್ಲಿ ಅವರ ನೃತ್ಯಕ್ಕಿರಬೇಕಾದ ಸಣ್ಣ ನಗು ಹಾಗೇ ಇತ್ತು. ಒಂದು ಕಾಲಲ್ಲಿ ನಿಂತಾಗ ಮಾತ್ರ, ಹಿಂದೆಂದೂ ನಡುಗದ ಆ ಮಂಡಿ ನಡುಗಿತು. ಅದನ್ನು ನೋಡಲಾಗದೆ ನಾನು ಗೋಡೆ ಕಡೆ ತಿರುಗಿದೆ.

ಆಮೇಲೆ ನಾಲ್ಕು ವರ್ಷ. ಕಾಗದಗಳು ಹೋದವು, ಉತ್ತರ ಬರಲಿಲ್ಲ. ಅವಳು ಮುಂಚಿನಂತೆಯೇ ಮೆಟ್ಟಿಲು ಒರೆಸಿದಳು, ಮುಂಚಿನಂತೆಯೇ ಬೊಂಗ್ ಎಂದಳು. ಒಂದು ದಿನವಾದರೂ ಒಂದು ಕಟುಮಾತು ಆಡಲಿಲ್ಲ. ನಾನೇ ಅವಳ ಹೆಜ್ಜೆಯ ಸದ್ದು ಕೇಳಿದರೆ ಬಾಗಿಲ ಹಿಂದೆ ನಿಂತು, ಅವಳು ಹೋದ ಮೇಲೆ ಹೊರಡುತ್ತಿದ್ದೆ.

ಎಪ್ಪತ್ತೊಂಬತ್ತರ ಕೊನೆಗೆ ಅಲ್ಲಿಂದ ತಪ್ಪಿಸಿಕೊಂಡ ಕೆಲವರು ಜರ್ಮನಿಗೂ ಬಂದರು. ಅವರಲ್ಲಿ ಒಬ್ಬ ಹುಡುಗಿ ಅದೇ ನೃತ್ಯಶಾಲೆಯವಳು ಎಂದು ತಿಳಿದು ಇವಳು ರೈಲು ಹತ್ತಿ ಹೋಗಿ ನೋಡಿಬಂದಳು. ಮರುದಿನ ಬೆಳಿಗ್ಗೆ ನನ್ನ ಅಡುಗೆಮನೆಗೆ ಬಂದು ಕೂತಳು. ಕಾಫಿ ಕೊಟ್ಟೆ. ಎರಡು ಗುಟುಕು ಕುಡಿದು, ಆ ಹುಡುಗಿ ಹೇಳಿದ್ದನ್ನೆಲ್ಲ ಹೇಳಿದಳು.

ಮಗು, ಊರು ಗೆದ್ದವರು ಜನರನ್ನೆಲ್ಲ ಹೊರಗೆ ನಡೆಸಿದ ದಾರಿಯಲ್ಲೇ, ಜ್ವರ ಬಂದು, ಮೊದಲ ಮಳೆಗಾಲ ಮುಗಿಯುವ ಮುಂಚೆ ಹೋಗಿತ್ತು. ಅದನ್ನು ನಾವಿಬ್ಬರೂ ಎಂದೋ ಒಳಗೊಳಗೇ ಅಂದುಕೊಂಡಿದ್ದೆವು ಎಂದು ಕಾಣುತ್ತದೆ. ಕೇಳಿ ಅತ್ತೆವು, ಆದರೆ ಬೆಚ್ಚಲಿಲ್ಲ. ಆಮೇಲೆ ಅವಳು ಗುರುವಿನ ಮಾತೆತ್ತಿದಳು.

"ಜನವರಿಯಿಂದಲೇ ಅವಳ ಬಟ್ಟೆ ಗಂಟು ಕಟ್ಟಿ ಇಟ್ಟಿದ್ದರಂತೆ. ತಾಯಿ ಒಂದು ಮಾತು ಬರೆದರೆ ಸಾಕು, ಅವತ್ತೇ ವಿಮಾನ ಹತ್ತಿಸುತ್ತೇನೆ ಅನ್ನುತ್ತಿದ್ದರಂತೆ. ತಾವಾಗಿ ಕಳಿಸಿದರೆ ಮಗುವನ್ನು ಶಾಲೆಯಿಂದ ತಳ್ಳಿದ ಹಾಗಾಗುತ್ತದೆ, ತಾಯಿಗೆ ನೋವಾಗುತ್ತದೆ ಅಂತ ಕಾದರಂತೆ." ಲೋಟ ಕೆಳಗಿಟ್ಟಳು. "ನಾವು ಕೇಳಲೇ ಇಲ್ಲ ಬೊಂಗ್."

ಬೇಡ ಎಂದವಳು ನಾನು ಎಂದೆ.  ಅವಳು ಎದ್ದಳು. ತಾನು ಕುಡಿದ ಲೋಟವನ್ನು ತೊಳೆದು, ಬೋರಲಿಟ್ಟು, ಮೇಲೆ ಹೋದಳು.

ಮುಂದಿನ ವರ್ಷ ಅವರು ಇಂಗೋಲ್‌ಸ್ಟಾಟ್‌ಗೆ ಹೋದರು. ಹಬ್ಬಕ್ಕೊಂದು ಕಾರ್ಡು ಬರುತ್ತಿತ್ತು, ಕೊನೆಗೆ ಅವಳು ತೀರಿಕೊಂಡ ಸುದ್ದಿಯೂ ಕಾರ್ಡಿನಲ್ಲೇ ಬಂತು, ಎಂಜಿನಿಯರನ ನಡುಗುವ ಅಕ್ಷರದಲ್ಲಿ. ಈಗ ಅವನೂ ಇಲ್ಲ. ನಮ್ಮವರೂ ಹೋಗಿ ಆರು ವರ್ಷವಾಯಿತು; ಅವರಾದರೂ "ನಾನು ಅಂದೇ ಹೇಳಿರಲಿಲ್ಲವೇ" ಎಂದು ಒಮ್ಮೆ ಆಡಿ ತೋರಿಸಬಹುದಿತ್ತು, ತೋರಿಸಲಿಲ್ಲ. ಎಲ್ಲರೂ ನನ್ನನ್ನು ಮರ್ಯಾದೆಯಿಂದ ಬಿಟ್ಟುಬಿಟ್ಟರು. ಅವಳು ಅಂದು ಆ ಲೋಟವನ್ನು ನೆಲಕ್ಕೆ ಅಪ್ಪಳಿಸಿ ನನ್ನನ್ನು ಬಾಯಿಗೆ ಬಂದಂತೆ ಬಯ್ದಿದ್ದರೆ, ನಾನು ಕಾಲಿಗೆ ಬಿದ್ದಾದರೂ ಕ್ಷಮೆ ಕೇಳುತ್ತಿದ್ದೆ. ಈಗ ನನ್ನನ್ನು ಬಯ್ಯಬೇಕಾದವರು ಒಬ್ಬರೂ ಉಳಿದಿಲ್ಲ.