ಕಡಲೆ ಹುಳಿ ಇಳಿಯದ ಚಳಿಗಾಲ

ಇದು ನಡೆದದ್ದು ಎರಡು ವರ್ಷದ ಹಿಂದೋ ಮೂರು ವರ್ಷದ ಹಿಂದೋ, ಸರಿಯಾಗಿ ನೆನಪಿಲ್ಲ. ನಾನು ಹೇಳುವ ಹಾಗೆಯೇ ಎಲ್ಲ ನಡೆಯಿತು ಅಂತಲೂ ಆಣೆ ಮಾಡಲಾರೆ. "ಆಗಿನ ಚಳಿ ಈಗೆಲ್ಲಿ" ಅನ್ನುವವರ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ರೇಜಿಗೆ. ಆಗಿನ ಚಳಿಯನ್ನು ಅಳೆದಿಟ್ಟವರು ಯಾರು?

ಶಿರೂರಿನಲ್ಲಿ ನಮ್ಮ ದೊಡ್ಡವ್ವನ ಹೊಲವಿದೆ. ಚಳಿಗಾಲದ ರಾತ್ರಿ ಕಡಲೆ ಗಿಡಗಳ ಮೇಲೆ ಧೋತರ ಹಾಸಿಟ್ಟು, ಇಬ್ಬನಿಗೆ ನೆನೆದದ್ದನ್ನು ಬೆಳಿಗ್ಗೆ ಹಿಂಡಿದರೆ ಎಲೆಗಳ ಹುಳಿ ಇಳಿದ ನೀರು ಸಿಗುತ್ತದೆ, ಅದೇ ಕಡಲೆ ಹುಳಿ. ಹೊಟ್ಟೆನೋವಿಗೆ ಅದು ಮನೆಮದ್ದು. ಓಣಿಯವರೆಲ್ಲ ಅದಕ್ಕೆ ದೊಡ್ಡವ್ವನ ಹತ್ತಿರವೇ ಬರುತ್ತಿದ್ದರು. ಆಕೆಯ ಕೈಗುಣದ ಮೇಲೆ ಅವರಿಗೆ ಅಷ್ಟು ನಂಬಿಕೆ.

ಆ ಸಲ ಎಳ್ಳಮಾವಾಸ್ಯೆಗೆ ನಾನಿರುವ ವಿದ್ಯಾಗಿರಿಯಿಂದ ಊರಿಗೆ ಹೋದಾಗ ಹುಳಿಯ ಬಾಟಲಿ ಬರಿದಾಗಿತ್ತು. ದೊಡ್ಡವ್ವ ದಿನಾ ಧೋತರ ಹಾಸುತ್ತಿದ್ದಳು, ದಿನಾ ಬೆಳಿಗ್ಗೆ ಅದು ಒಣಗಿಯೇ ಇರುತ್ತಿತ್ತು. ನಡು ಚಳಿಗಾಲದಲ್ಲೂ ನಾವು ಫ್ಯಾನ್ ಹಾಕಿ ಮಲಗುತ್ತಿದ್ದೆವು.

"ವರ್ಷಾ ವರ್ಷಾ ಕಮ್ಮಿ ಆಕ್ಕೋಂತ ಬಂತು. ನನ್ನ ಕೈಗುಣಾನ ಹೋತು ನೋಡಪಾ," ಅಂದಳು.

"ಕೈಗುಣಕ್ಕೂ ಇಬ್ಬನಿಗೂ ಏನ ಸಂಬಂಧ ದೊಡ್ಡವ್ವಾ?"

"ನೀ ದೊಡ್ಡ ಸಾಲಿ ಕಲ್ತಾಂವ. ನಿನಗ ಕಲಿಸಿದವ್ರಿಗೆ ಹೇಳಿ ಒಂದೀಟ ಇಬ್ಬನಿ ಬೀಳಸು."

ಮರುದಿನ ಬೆಳಿಗ್ಗೆ ಧೋತರ ತೊಯ್ದಿತ್ತು. ದೊಡ್ಡವ್ವ ನಗುತ್ತಲೇ ತಂಬಿಗೆಗೆ ಹಿಂಡಿದಳು. ಬದುವಿನ ಹುಲ್ಲು ಮಾತ್ರ ಒಣಗಿಯೇ ಇತ್ತು. ಅನುಮಾನ ಬಂದು ತಂಬಿಗೆ ಮೂಸಿ ನೋಡಿದೆ. ಕ್ರಿಮಿನಾಶಕದ ವಾಸನೆ. ಅವ್ವನ ಸಂಕಟ ನೋಡಲಾರದೆ ಆಕೆಯ ಮಗ ಬಸಣ್ಣ ನಸುಕಿನಲ್ಲೇ ಎದ್ದು ಗಿಡಗಳ ಮೇಲಿನ ಧೋತರಕ್ಕೆ ನೀರು ಸಿಂಪಡಿಸಿದ್ದ, ಅದೂ ಹುಳಕ್ಕೆ ಔಷಧ ಹೊಡೆಯುವ ಪಂಪಿನಿಂದ.

"ಪಂಪ ತೊಳದೀನಲೇ," ಅಂದ.

"ತೊಳದಿದ್ರ ಒಂದ ಗುಟುಕ ನೀನ ಕುಡಿ ನೋಡೂಣು," ಅಂದೆ ನಾನು.

ದೊಡ್ಡವ್ವ ಯಾರನ್ನೂ ಬಯ್ಯದೆ ತಂಬಿಗೆಯನ್ನು ನೆಲಕ್ಕೆ ಸುರಿದಳು.

ಮನೆಗೆ ಬಂದರೆ ಪಕ್ಕದ ಮನೆಯ ರೇಷ್ಮಾ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. "ದವಾಖಾನಿಗೆ ಹೋಗವಾ. ನನ್ನ ಕಡೆ ಇಲ್ಲ," ಅಂದಳು ದೊಡ್ಡವ್ವ. ಆಕೆ ಯಾರಿಗಾದರೂ ಇಲ್ಲ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು ಅನಿಸುತ್ತದೆ. ಬಸಣ್ಣನನ್ನು ಕೇಳಿದರೆ ಅಲ್ಲ ಅನ್ನುತ್ತಾನೆ.

ಈಗಲೂ ನೆನೆದರೆ ತಲೆ ಕೆಡುತ್ತದೆ. ಬಸಣ್ಣನ ಮೇಲಾದರೆ ರೇಗಬಹುದಿತ್ತು, ರೇಗಿದೆ. ಬೀಳದ ಇಬ್ಬನಿಯ ಮೇಲೆ ಹೇಗೆ ರೇಗುವುದು? ದೊಡ್ಡವ್ವ ಮಾತ್ರ ತಪ್ಪೆಲ್ಲ ತನ್ನದೇ ಅಂದುಕೊಂಡು ಮಂಕಾಗಿ ಕೂತಿದ್ದಳು. ಅದನ್ನು ನೋಡಲಾಗದೆ, ಊರಲ್ಲಿ ಇನ್ನೂ ಧೋತರ ಹಾಸುವ ಮನೆಗಳಿಗೆಲ್ಲ ಆಮೇಲೆ ಹೋಗಿ ವಿಚಾರಿಸಿದೆ. ಆ ಚಳಿಗಾಲ ಯಾರ ಹೊಲದಲ್ಲೂ ಹುಳಿ ಇಳಿದಿರಲಿಲ್ಲ.