ಅಕ್ಕನ ಟ್ರಂಪೆಟ್, ಅಪ್ಪನ ಸೋಫಾ

ನಾನು ಚಿಕ್ಕವನಿದ್ದಾಗ ನನ್ನನ್ನು ಒಂದು ಕಡೆ ಕೂರಿಸುವುದು ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ಈಗಲೂ ಅಷ್ಟೇ. ಇಷ್ಟು ಹೇಳುವಷ್ಟರಲ್ಲೇ ಒಂದು ಸಲ ಎದ್ದು ಕಿಟಕಿಯ ಹತ್ತಿರ ಹೋಗಿ ಬಂದೆ. ಅಂಥವನನ್ನು ಒಂದು ಇಡೀ ಫುಟ್‌ಬಾಲ್ ಸೀಸನ್ ಅಕ್ಕಿ ಮೂಟೆಯ ಮೇಲೆ ಕೂರಿಸಿದ್ದರು ಎಂದರೆ ನಂಬುತ್ತೀರಾ?

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ನಮ್ಮ ಮನೆ ಇದ್ದದ್ದು ಅಮೆರಿಕದಲ್ಲಿ, ಆಸ್ಟಿನ್ ಪಕ್ಕದ ರೌಂಡ್ ರಾಕ್ ಎಂಬ ಊರಿನಲ್ಲಿ. ಅಪ್ಪ ಕಂಪ್ಯೂಟರ್ ಎಂಜಿನಿಯರ್. ಅಕ್ಕ ಆಗತಾನೆ ಆಸ್ಟಿನ್‌ನ ವಿಶ್ವವಿದ್ಯಾಲಯಕ್ಕೆ ಸೇರಿ, ಅಲ್ಲಿಯ ಬ್ಯಾಂಡ್‌ನಲ್ಲಿ ಟ್ರಂಪೆಟ್ ನುಡಿಸುತ್ತಿದ್ದಳು. ಕಾಲೇಜು ತಂಡದ ಪಂದ್ಯವಿದ್ದಾಗ ಅರ್ಧ ಆಟ ಮುಗಿದ ಮೇಲೆ ಮೈದಾನಕ್ಕಿಳಿದು ನುಡಿಸುವುದು ಈ ಬ್ಯಾಂಡ್. ಅಪ್ಪ ಮೊದಮೊದಲು, 'ಇದ್ಯಾವ ಸೀಮೆ ಫುಟ್‌ಬಾಲೋ, ಚೆಂಡನ್ನ ಕಂಕುಳಲ್ಲಿ ಇಟ್ಕೊಂಡು ಓಡ್ತಾರೆ' ಎಂದು ನಗುತ್ತಿದ್ದ. ಮಗಳು ಸೇರಿದ ಕಾಲೇಜು ಎಂದು ಸುಮ್ಮನೆ ನೋಡಲು ಶುರುಮಾಡಿದವನಿಗೆ ಆ ವರ್ಷ ಹುಚ್ಚು ಹಿಡಿದುಬಿಟ್ಟಿತು.

ಶನಿವಾರ ಬಂತೆಂದರೆ ಅದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕರ್ನಾಟಕದ ಹುಡುಗರು ನಮ್ಮ ಮನೆಗೆ ಬಿಸಿಬೇಳೆ ಬಾತ್ ತಿನ್ನಲು, ಪಂದ್ಯ ನೋಡಲು ಬರುತ್ತಿದ್ದರು. ಕ್ರಿಕೆಟ್ ನೋಡಿ ಬೆಳೆದವರಲ್ಲವೇ, ಆ ಆಟ ನೋಡುವವರ ನಿಯಮವನ್ನೇ ಇಲ್ಲಿಗೂ ತಂದರು: ತಂಡ ಗೆಲ್ಲುವಾಗ ಯಾರು ಎಲ್ಲಿದ್ದರೋ ಅಲ್ಲೇ ಇರಬೇಕು, ಅಲುಗಾಡಬಾರದು. ಮೊದಲ ಪಂದ್ಯದಲ್ಲಿ ಅಪ್ಪ ಸೋಫಾದ ಎಡ ತುದಿಯಲ್ಲಿದ್ದ, ನಾನು ಅಕ್ಕಿ ಮೂಟೆಯ ಮೇಲಿದ್ದೆ. ಅಮ್ಮ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಂಡ ಗೆದ್ದಿತು. ಮುಗಿಯಿತಲ್ಲ ಕಥೆ! ಪ್ರತಿ ಶನಿವಾರವೂ ಹಾಗೆಯೇ ಇದ್ದೆವು, ಪ್ರತಿ ಶನಿವಾರವೂ ತಂಡ ಗೆಲ್ಲುತ್ತಲೇ ಹೋಯಿತು. ಮೂಟೆಯ ಸೆಣಬು ನನ್ನ ತೊಡೆಗೆ ಚುಚ್ಚುತ್ತಿತ್ತು, ಕಾಲು ಜೋಮು ಹಿಡಿಯುತ್ತಿತ್ತು. ಕೆರೆದುಕೊಂಡರೂ ಆ ಹುಡುಗರಲ್ಲೊಬ್ಬರು, ನಾನು ಹುಬ್ಬಳ್ಳಿ ಅಂಕಲ್ ಎನ್ನುತ್ತಿದ್ದವರು, ಕಣ್ಣು ಕೆಂಪಗೆ ಮಾಡುತ್ತಿದ್ದರು.

ಇಷ್ಟೆಲ್ಲ ಮಾಡಿಯೂ ಅಕ್ಕ ನುಡಿಸುವುದನ್ನು ನಾವು ಒಮ್ಮೆಯೂ ನೋಡಿರಲಿಲ್ಲ. ಅರ್ಧ ಆಟ ಮುಗಿದ ಕೂಡಲೇ ಟೀವಿಯಲ್ಲಿ ಕೋಟು ಹಾಕಿದವರು ಬಂದು ಹರಟುತ್ತಿದ್ದರು, ಬ್ಯಾಂಡ್ ತೋರಿಸುತ್ತಲೇ ಇರಲಿಲ್ಲ.

ಸೀಸನ್ನಿನ ಕೊನೆಯ ಪಂದ್ಯದ ಹಿಂದಿನ ವಾರ ಅಕ್ಕ ಮನೆಗೆ ಬಂದು ಮೂರು ಟಿಕೆಟ್‌ಗಳನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದಳು. ಈ ಸಲ ಒಂದು ಪುಟ್ಟ ಭಾಗವನ್ನು ಅವಳೊಬ್ಬಳೇ ನುಡಿಸಬೇಕಿತ್ತು.

'ನಾವು ಜಾಗ ಬಿಟ್ಟು ಎದ್ರೆ ಟೀಮ್ ಸೋಲುತ್ತಮ್ಮ. ಮುಂದಿನ ವರ್ಷ ಖಂಡಿತ ಬರ್ತೀನಿ' ಎಂದ ಅಪ್ಪ.

'ಮುಂದಿನ ವರ್ಷ ನಂಗೆ ಸೋಲೋ ಕೊಡ್ತಾರೆ ಅಂತ ಯಾರಪ್ಪಾ ಹೇಳಿದ್ದು ನಿಂಗೆ?' ಎಂದಳು ಅಕ್ಕ. ಊಟಕ್ಕೂ ನಿಲ್ಲದೆ ಹೊರಟುಹೋದಳು.

ಆ ಶನಿವಾರ ಮನೆ ತುಂಬ ಹುಳಿಪುಡಿಯ ಘಮ. ತಂಡ ಮುಂದಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ನನ್ನ ಕಣ್ಣು ಮಾತ್ರ ಟೀವಿಯಿಂದ ಫ್ರಿಜ್‌ಗೆ, ಫ್ರಿಜ್‌ನಿಂದ ಗಡಿಯಾರಕ್ಕೆ ಓಡುತ್ತಿತ್ತು. ಇದ್ದಕ್ಕಿದ್ದಂತೆ ಅಮ್ಮ ಸೌಟನ್ನು ಸಿಂಕಿಗೆ ಎಸೆದಳು. ಠಣ್ ಎಂದಿತು.

'ಆಂಟಿ, ಜಾಗಾ ಬಿಟ್ಟು ಏಳಬ್ಯಾಡ್ರಿ!' ಹುಬ್ಬಳ್ಳಿ ಅಂಕಲ್ ಕೂಗಿದರು.

'ನಾನೆಲ್ಲಪ್ಪಾ ಏಳಲಿ? ಸೆಪ್ಟೆಂಬರ್‌ನಿಂದ ನಿಂತೇ ಇದ್ದೀನಲ್ಲ' ಎಂದು ಅಮ್ಮ ಟಿಕೆಟ್ ಕಿತ್ತುಕೊಂಡಳು. 'ರೀ, ಬರೋದಾದ್ರೆ ಬನ್ನಿ. ಇಲ್ಲಾಂದ್ರೆ ಕಾರ್ ಕೀ ಕೊಡಿ. ಏಳೋ ನೀನು!'

ನಾನು ಮೂಟೆಯಿಂದ ನೆಗೆದೇಬಿಟ್ಟೆ. ಅಪ್ಪ ಟೀವಿ ನೋಡಿದ, ನಮ್ಮನ್ನು ನೋಡಿದ, ಮತ್ತೆ ಟೀವಿ ನೋಡಿದ. ನಾವು ಬಾಗಿಲು ದಾಟುವಷ್ಟರಲ್ಲಿ ಹಿಂದೆ ಹವಾಯಿ ಚಪ್ಪಲಿಯ ಪಟಪಟ ಸದ್ದು ಕೇಳಿಸಿತು.

ದಾರಿಯುದ್ದಕ್ಕೂ ರೇಡಿಯೋದಲ್ಲಿ ಪಂದ್ಯ. ನಾವು ಹೈವೇ ಸೇರಿದ್ದೇ ತಡ, ಎದುರಾಳಿಗಳು ಅಂಕದ ಮೇಲೆ ಅಂಕ ಗಳಿಸತೊಡಗಿದರು. 'ನೋಡಿದ್ಯಾ? ನಾನು ಹೇಳ್ಲಿಲ್ವಾ?' ಎಂದು ಅಪ್ಪ ಸ್ಟಿಯರಿಂಗ್‌ಗೆ ಗುದ್ದಿದ. ಅಮ್ಮ ರೇಡಿಯೋ ಆರಿಸಿ, 'ರೋಡ್ ನೋಡ್ಕೊಂಡು ಓಡ್ಸಿ' ಎಂದಳು. ಸ್ಟೇಡಿಯಂ ಹತ್ತಿರ ಎಲ್ಲೂ ಜಾಗವಿಲ್ಲ. ದೂರದಲ್ಲೆಲ್ಲೋ ಕಾರು ನಿಲ್ಲಿಸಿ ಓಡಿದೆವು. ಅಪ್ಪನ ಚಪ್ಪಲಿಯ ಬಾರು ಕಿತ್ತುಹೋಯಿತು. ಎರಡನ್ನೂ ಕೈಯಲ್ಲಿ ಹಿಡಿದು, ತಣ್ಣಗಿದ್ದ ಕಾಂಕ್ರೀಟಿನ ಮೇಲೆ ಬರಿಗಾಲಲ್ಲೇ ಓಡಿದ. ಬೆಣ್ಣೆಯಲ್ಲಿ ಅದ್ದಿದ ಪಾಪ್‌ಕಾರ್ನ್‌ನ ವಾಸನೆ, ಜನರ ಗದ್ದಲ, ಮುಗಿಯದ ಮೆಟ್ಟಿಲು. ಅಕ್ಕ ನುಡಿಸುವುದು ಮುಗಿದುಹೋಯಿತೇನೋ ಎಂದು ನನಗೆ ಅಳುವೇ ಬಂತು.

ಮುಗಿದಿರಲಿಲ್ಲ. ಕೆಳಗೆ ಹಸಿರು ಹುಲ್ಲಿನ ಮೇಲೆ ಬ್ಯಾಂಡ್ ನಿಂತಿತ್ತು. ಎಲ್ಲರದ್ದೂ ಒಂದೇ ಟೋಪಿ, ಒಂದೇ ಅಂಗಿ. ಡೋಲುಗಳೆಲ್ಲ ನಿಂತವು. ಒಂದು ಟ್ರಂಪೆಟ್ ಮಾತ್ರ ಎದ್ದಿತು.

'ಯಾವುದೋ? ನಮ್ಮ ಹುಡುಗಿ ಯಾವುದೋ?' ಅಪ್ಪ ಏದುಸಿರು ಬಿಡುತ್ತಾ ನನ್ನ ಭುಜ ಹಿಡಿದು ಅಲ್ಲಾಡಿಸಿದ. ನಾನು ಬೆರಳು ತೋರಿಸಿದೆ. ಅಪ್ಪ ಪಕ್ಕದಲ್ಲಿದ್ದ ಅಪರಿಚಿತರ ತೋಳು ಹಿಡಿದು, 'ಅದು ನನ್ನ ಮಗಳು! ನನ್ನ ಮಗಳು!' ಎಂದು ಕನ್ನಡದಲ್ಲೇ ಕೂಗಿದ. ಅವರಿಗೇನು ಅರ್ಥವಾಯಿತೋ, ತಮ್ಮ ಹ್ಯಾಟ್ ತೆಗೆದು ಬೀಸಿದರು. ಅಪ್ಪನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲೂ ಇಲ್ಲ.

ತಂಡ ಸೋತಿತು. ಆ ಸೀಸನ್ನಿನ ಒಂದೇ ಸೋಲು. ಹುಬ್ಬಳ್ಳಿ ಅಂಕಲ್ ಎಷ್ಟೋ ವರ್ಷ, 'ನೀವು ಎದ್ದಿದ್ದಕ್ಕ ಸೋತಿದ್ದು ನೋಡ್ರಿ' ಎನ್ನುತ್ತಲೇ ಇದ್ದರು. 'ಹೌದಯ್ಯಾ, ನಾವೇ ಎದ್ದಿದ್ದು. ಏನೀಗ?' ಎಂದು ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ.

ಮಕ್ಕಳೇ, ನಿಮ್ಮ ಕಾಲ ಬೇರೆ. ಯಾರು ಎಲ್ಲಿ ಹಾಡಿದರೂ ಕುಣಿದರೂ ನೀವು ಕೂತಲ್ಲೇ ಕಾಣಿಸುತ್ತದೆ. ತಪ್ಪಿಹೋದರೆ ನಾಳೆ ನೋಡಬಹುದು, ಬೇಕೆಂದಷ್ಟು ಸಲ ನೋಡಬಹುದು. ಒಳ್ಳೆಯದೇ. ಪುಟ್ಟಿ, ಈ ಶನಿವಾರ ನಿನ್ನ ಶಾಲೆಯಲ್ಲಿ ನೀನು ಡೋಲು ಬಾರಿಸುವುದನ್ನೂ ಮನೆಯಿಂದಲೇ ನೋಡಬಹುದಂತೆ. 'ಅಜ್ಜಾ, ನಿಮಗೆ ಮಂಡಿ ನೋವು, ಇಲ್ಲೇ ಇರಿ' ಎನ್ನಲು ನಿನ್ನ ಅಪ್ಪ ನಿನಗೆ ಹೇಳಿಕೊಟ್ಟೂ ಇದ್ದಾನೆ. ನಾನು ಬರುತ್ತೇನೆ. ಬಾರಿಸುವ ಮುಂಚೆ ಒಂದು ಸಲ ತಲೆಯೆತ್ತಿ ನೋಡು, ಎದ್ದು ನಿಂತು ಕೂಗುತ್ತಿರುವವನು ನಾನೇ.